ಬಚ್ಚಲಿನ ಹೊಗೆ ಹೋಯಿತು, ವಿಷ ಉಳಿಯಿತು

ಸೊರಬ ತಾಲ್ಲೂಕಿನ ಜಡೆ, ಆನವಟ್ಟಿ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಹಂಡೆ, ಕೆಳಗೆ ಉರಿಯುವ ಸೌದೆ, ಕಣ್ತುಂಬ ಹೊಗೆ. ಹೊಗೆ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಆದರೆ ಅದು ಕೆಮ್ಮಿಸಿ ನಮ್ಮನ್ನು ಹೊರಗಟ್ಟುತ್ತಿತ್ತು. ಹೆಂಚಿನ ಸಂದಿಯಿಂದ ತಾನೂ ಹೊರಟುಹೋಗುತ್ತಿತ್ತು. ಈಗ ತಾರಸಿ ಮನೆ, ಒಳಗೇ ಸ್ನಾನದ ಕೋಣೆ, ಗೋಡೆಗೆ ಗ್ಯಾಸ್ ಗೀಸರ್. ಮಳೆಗಾಲದ ಥಂಡಿಗೆ ಇರುವ ಒಂದು ಕಿಟಕಿಯನ್ನೂ ಮುಚ್ಚುತ್ತೇವೆ.

ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ. 'ಪಿತ್ತವಿರಬೇಕು' ಎಂದುಕೊಳ್ಳುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುತ್ತದೆ!

ಮೂಗಿಗೆ ತಿಳಿಯದ ಅನಿಲವನ್ನು ಕಂಡುಹಿಡಿಯುವ ಉಪಕರಣ ಹೊಸದೇನಲ್ಲ. ಜಪಾನಿನ ನಾವೊಯೊಶಿ ತಾಗುಚಿ ತವರದ ಆಕ್ಸೈಡಿನ ಸಂವೇದಕಕ್ಕೆ 1962ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಕಾಯಿಸಿದ ಆಕ್ಸೈಡಿನ ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಕಟ್ಟಿಹಾಕುತ್ತದೆ. ವಿಷಾನಿಲ ಬಂದು ಆ ಆಮ್ಲಜನಕದೊಡನೆ ಕೂಡಿದರೆ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಗಂಟೆ ಬಾರಿಸುತ್ತದೆ. ಅನಿಲ ತಾಗುವ ಮೈ ಹೆಚ್ಚಿದಷ್ಟೂ ಸೂಕ್ಷ್ಮತೆ ಹೆಚ್ಚು. ಅದಕ್ಕೇ ವಿಜ್ಞಾನಿಗಳು ರಂಧ್ರಗಳಿಂದ ತುಂಬಿದ ಆಕ್ಸೈಡುಗಳ ಬೆನ್ನು ಹತ್ತಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವೀಡನ್ನಿನ ಸಂಶೋಧಕರ ಜೊತೆಗೂಡಿ 2017ರಲ್ಲಿ ಸತುವಿನ ಆಕ್ಸೈಡನ್ನು ಜೇನುಗೂಡಿನ ಆಕಾರದಲ್ಲಿ ರೂಪಿಸಿದರು. ಅತಿಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಹಾಸಿ, ಮೇಲೆ ಆಕ್ಸೈಡ್ ಹಾಯಿಸಿ, ಮಣಿಗಳನ್ನು ತೆಗೆದರೆ ಉಳಿಯುವುದು ಗೂಡು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅರ್ಧ ಭಾಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆಯಾದರೂ ಅದಕ್ಕೆ ಗೊತ್ತಾಗುತ್ತದೆ.

ಪ್ರಯೋಗಾಲಯದ ಈ ಜಾಣ್ಮೆ ಹಳ್ಳಿಯ ಬಚ್ಚಲಿಗೆ ಬರುವುದು ಯಾವಾಗ? ಗೀಸರಿನ ಜೊತೆಗೇ ಎಚ್ಚರಿಕೆಯ ಗಂಟೆಯನ್ನೂ ಕಡ್ಡಾಯವಾಗಿ ಮಾರುವಂತೆ ಸರ್ಕಾರ ನಿಯಮ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಬೆಲೆ ಏರುತ್ತದೆ ಎನ್ನುವವರಿದ್ದಾರೆ. ಏರಲಿ. ಬೈಕಿನ ಜೊತೆ ಹೆಲ್ಮೆಟ್ ಕೊಳ್ಳುವುದಿಲ್ಲವೆ?

ಕೊಳ್ಳುವವರು ಗಮನಿಸಬೇಕಾದ್ದೆಂದರೆ, ಸಿಲಿಂಡರ್ ಸೋರಿಕೆ ತಿಳಿಸುವ ಗಂಟೆ ಬೇರೆ, ಇದು ಬೇರೆ. ಅಂಗಡಿಯಲ್ಲಿ ಕಾರ್ಬನ್ ಮಾನಾಕ್ಸೈಡಿನದೇ ಬೇಕೆಂದು ಕೇಳಿರಿ. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟನ್ನು ನಂಬುವಂತಿಲ್ಲ, ಬ್ಯಾಟರಿಯದಾದರೆ ಲೇಸು. ಗಂಟೆ ಇದ್ದರೂ ಇಲ್ಲದಿದ್ದರೂ ಗೀಸರನ್ನು ಬಚ್ಚಲಿನ ಹೊರಗೋಡೆಗೆ, ಗಾಳಿಯಾಡುವ ಕಡೆ ಹಾಕಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿರಿ. ಹೆಚ್ಚಿಗೆ ಬೇಕಾಗುವುದು ನಾಲ್ಕು ಅಡಿ ಪೈಪು, ಪ್ಲಂಬರಿನ ಅರ್ಧ ದಿನದ ಕೂಲಿ.