ಯಂತ್ರಕ್ಕೆ ತನಿಖೆ, ಮನುಷ್ಯನಿಗೆ ವಿಧಿ

ಚಾಲಕನಿಲ್ಲದ ಕಾರಿನ ಮಾತು ಬಂದರೆ ನಮ್ಮ ಅಂಗಡಿ ಮುಂದಿನ ಬೆಂಚಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಮೆಷಿನನ್ನು ನಂಬಿ ಮಕ್ಕಳನ್ನು ಕೂರಿಸುವುದುಂಟಾ?" ನಾನು ತಿರುಗಿ ಕೇಳುತ್ತೇನೆ: ಮನುಷ್ಯನನ್ನು ನಂಬಿ ಕೂರಿಸಿ ನಮಗೆ ಸಿಕ್ಕಿದ್ದೇನು? ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಆ ಗಾಡಿಗಳನ್ನು ಓಡಿಸಿದ್ದು ಮನುಷ್ಯರೇ.

2018ರ ಮಾರ್ಚಿನಲ್ಲಿ ಅಮೆರಿಕದ ಅರಿಜೋನಾದ ಟೆಂಪಿ ಎಂಬಲ್ಲಿ ಊಬರ್ ಕಂಪೆನಿಯ ಪರೀಕ್ಷಾ ಕಾರು ಒಬ್ಬ ಮಹಿಳೆಯನ್ನು ಕೊಂದಿತು. ಆಕೆ ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ತನಿಖೆಯಲ್ಲಿ ಎಲ್ಲವೂ ಹೊರಬಂತು. ಕಾರಿನ ಸೆನ್ಸರ್ 5.6 ಸೆಕೆಂಡು ಮೊದಲೇ ಆಕೆಯನ್ನು ಕಂಡಿತ್ತು, ಆದರೆ ವಾಹನವೋ ಸೈಕಲ್ಲೋ ಎಂದು ಗುರುತು ಬದಲಿಸುತ್ತಲೇ ಹೋಯಿತು. ಕಾರಿಗೆ ಮೊದಲೇ ಇದ್ದ ತುರ್ತು ಬ್ರೇಕನ್ನು ಊಬರ್ ಬಂದ್ ಮಾಡಿಟ್ಟಿತ್ತು. ನಿಗಾ ಇಡಲು ಕೂತಿದ್ದ ವ್ಯಕ್ತಿ ಮೊಬೈಲ್ ನೋಡುತ್ತಿದ್ದರು.

ಒಂದು ಸಾವಿಗೆ ಸೆಕೆಂಡು ಸೆಕೆಂಡಿನ ಲೆಕ್ಕ. ನಮ್ಮಲ್ಲಿ? ಹೈವೇಯಲ್ಲಿ ಬೈಕಿನ ಹುಡುಗ ಹೋದರೆ ಮಯ್ಯತ್ ನಮಾಝ್ ಮುಗಿಸಿ "ಅಲ್ಲಾಹನ ವಿಧಿ" ಎಂದು ಮನೆಗೆ ಬರುತ್ತೇವೆ. ಹೆಲ್ಮೆಟ್ ಇತ್ತಾ, ಲೈಸೆನ್ಸ್ ಇತ್ತಾ ಎಂದು ಕೇಳಿದವನು ಕಲ್ಲು ಮನಸ್ಸಿನವನು. ಮೊದಲು ಒಂಟೆಯನ್ನು ಕಟ್ಟಬೇಕು, ಆಮೇಲೆ ತವಕ್ಕುಲ್ ಎಂದು ಮದ್ರಸದಲ್ಲಿ ಕಲಿತವರು ನಾವು!

ಡಿಪ್ಲೊಮಾ ಓದಿದವನ ಸಣ್ಣ ಲೆಕ್ಕ ಕೇಳಿ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೂ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ. ವಾಟ್ಸಾಪ್ ನೋಡುತ್ತಿದ್ದರೆ ಇನ್ನೂ ದೂರ. ಯಂತ್ರಕ್ಕೆ ನಿದ್ದೆಯಿಲ್ಲ, ನಿಕಾಹ್‌ಗೆ ತಡವಾಯಿತೆಂಬ ಅವಸರವಿಲ್ಲ. ಒಂದು ಕಾರಿನ ತಪ್ಪನ್ನು ತಿದ್ದಿದರೆ ಆ ಕಂಪೆನಿಯ ಎಲ್ಲ ಕಾರುಗಳಲ್ಲೂ ತಿದ್ದಬಹುದು. ನಮ್ಮ ಒಬ್ಬ ಹುಡುಗ ಸತ್ತರೆ ಇನ್ನೊಬ್ಬ ಕಲಿಯುತ್ತಾನಾ?

ಆ ಕಾರನ್ನು ನಾಳೆಯೇ ಉಪ್ಪಳ ಪೇಟೆಗೆ ತನ್ನಿ ಎಂದು ನಾನು ಹೇಳುವುದಿಲ್ಲ. ಅಗಲ ರಸ್ತೆ, ಸರಿಯಾದ ಗೆರೆ ಇದ್ದಲ್ಲಿ ಕಲಿತದ್ದು ಅದು. ಇನ್ನೊಂದು ಭಯವೂ ನಿಜ. ದುಬೈ 2030ರೊಳಗೆ ನಾಲ್ಕರಲ್ಲೊಂದು ಪ್ರಯಾಣ ಚಾಲಕನಿಲ್ಲದೆ ನಡೆಯಬೇಕೆಂಬ ಗುರಿ ಇಟ್ಟಿದೆ. ಅಲ್ಲಿ ಗಾಡಿ ಓಡಿಸಿ ಊರಲ್ಲಿ ಮನೆ ಕಟ್ಟಿದವರು ನಮ್ಮಲ್ಲಿದ್ದಾರೆ. ಅದು ಹೊಟ್ಟೆಪಾಡಿನ ಪ್ರಶ್ನೆ, ಅದನ್ನು ಹಾಗೆಯೇ ಕೇಳೋಣ. ಸುರಕ್ಷತೆಯ ಹೆಸರಲ್ಲಿ ಅಡಗಿಸುವುದು ಬೇಡ.

ಆ ಕಾರು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಯಂತ್ರಕ್ಕೆ ಕೇಳುವ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ, ನಮಗೆ ನಾವೇ ಕೇಳೋಣ. ಮುಂದಿನ ಜುಮಾದಂದು ಮಸೀದಿ ಅಂಗಳದಲ್ಲಿ ಎಷ್ಟು ಬೈಕಿದೆ, ಎಷ್ಟು ಹೆಲ್ಮೆಟ್ ಇದೆ ಎಂದು ಎಣಿಸಿ ನೋಡಿ.