ಕಕ್ಕನ ಕೈಯಲ್ಲಿದ್ದ ರಾಜ್ಯ

ನಮ್ಮ ಶಿರಹಟ್ಟಿಯ ಗೃಹಸ್ಥರೊಬ್ಬರು ಮೊನ್ನೆ ಕಾಗದದ ಗಂಟೊಂದನ್ನು ಹಿಡಿದು ಬಂದರು. ತೀರಿಹೋದ ಅಣ್ಣನ ಹೊಲವನ್ನು ಇವರೇ ನೋಡಿಕೊಂಡಿದ್ದರು. ಅಣ್ಣನ ಮಗನಿಗೆ ಈಗ ಪ್ರಾಯ ಬಂದಿದೆ. “ಮಾಸ್ತರರೇ, ದುಡಿದವನು ನಾನು, ನನಗೂ ಮಗನಿರುವನಲ್ಲ!” ಎಂದರು. ನಾವು ಅವರಿಗೆ ಹೇಳಿದ ಕಥೆಯನ್ನೇ ವಾಚಕರಿಗೂ ಅರಿಕೆ ಮಾಡುವೆವು.

ಚಾಲುಕ್ಯ ಮಂಗಲೇಶನು ತನ್ನ ಅಣ್ಣ ಕೀರ್ತಿವರ್ಮನ ಆಳಿಕೆಯಲ್ಲಿ, ಕ್ರಿ. ಶ. 578ರಲ್ಲಿ, ಬಾದಾಮಿಯ ಬಂಡೆಯಲ್ಲಿ ವಿಷ್ಣುವಿನ ಗುಹಾಲಯವನ್ನು ಮಾಡಿಸಿದನು. ಅದರ ಪುಣ್ಯವು ಅಣ್ಣನಿಗಿರಲಿ, ತನಗೆ ಅಣ್ಣನ ಸೇವೆಯ ಫಲವೇ ಸಾಕೆಂದು ಶಿಲೆಯಲ್ಲಿ ಬರೆಯಿಸಿದನು. ಅಣ್ಣನು ತೀರಿದಾಗ ಮಗ ಪುಲಕೇಶಿಯು ಚಿಕ್ಕವನಾದ್ದರಿಂದ ಕಕ್ಕನೇ ಪಟ್ಟವೇರಿದನು. ಇದರಲ್ಲಿ ದೋಷವಿಲ್ಲ. ಅದೇ ಕಾಲದ ಸ್ಕಾಟ್ಲಂಡದ ಪಿಕ್ಟ ಅರಸರಲ್ಲಿಯೂ ಅಣ್ಣನ ತರುವಾಯ ತಮ್ಮನು ಆಳುವದುಂಟು. ಸಂಶಯ ಬಂದಲ್ಲಿ ಹೆಣ್ಣಿನ ಸಂತತಿಯಿಂದ ಅರಸನನ್ನು ಆರಿಸುವರೆಂದು ಬೀಡನೆಂಬ ಸಂನ್ಯಾಸಿಯು 731ರಲ್ಲಿ ಬರೆದಿರುವನು. ಕ್ರಮಗಳು ದೇಶಕ್ಕೊಂದು, ಕ್ರಮವನ್ನು ಮುರಿದರೆ ಫಲವು ಮಾತ್ರ ಎಲ್ಲೆಡೆಯಲ್ಲಿಯೂ ಒಂದೇ.

ಮಂಗಲೇಶನು ರಾಜ್ಯವನ್ನು ತನ್ನ ಮಗನಿಗೆ ದಕ್ಕಿಸಬಯಸಿದನು. ಯುದ್ಧವಾಯಿತು. ಆ ಯತ್ನ, ರಾಜ್ಯ, ಪ್ರಾಣ ಮೂರನ್ನೂ ಅವನು ನೀಗಿಕೊಂಡನೆಂದು ಐಹೊಳೆಯ ಮೇಗುತಿ ಗುಡಿಯ 634ರ ಶಾಸನದಲ್ಲಿ ರವಿಕೀರ್ತಿಯು ಹೇಳಿರುವನು. ಮನೆ ಒಡೆದುದನ್ನು ಕಂಡು ಅಪ್ಪಾಯಿಕ, ಗೋವಿಂದರೆಂಬವರು ದಂಡೆತ್ತಿ ಬಂದರು. ಅಣ್ಣನಿಗೆ ಪುಣ್ಯವನ್ನೇ ಬಿಟ್ಟುಕೊಟ್ಟವನಿಂದ ಅಣ್ಣನ ಮಗನಿಗೆ ರಾಜ್ಯವನ್ನು ಬಿಡಲಾಗಲಿಲ್ಲ!

ಸಂಸ್ಕೃತದಲ್ಲಿ ನ್ಯಾಸವೆಂದರೆ ನಂಬಿ ಒಪ್ಪಿಸಿಟ್ಟದ್ದು. ಬಹುದಿನ ಕಾಯ್ದುದರಿಂದ ಅದು ಕಾಯ್ದವನದಾಗದು.

ಗೃಹಸ್ಥರು ಮಾತಾಡದೆ ಗಂಟನ್ನು ಕಟ್ಟಿಕೊಂಡು ಎದ್ದರು. ಅವರು ಅಣ್ಣನ ಮನೆಯ ಓಣಿಯನ್ನು ಹಿಡಿದುದನ್ನು ನಾವು ಕಟ್ಟೆಯ ಮೇಲೆ ಕುಳಿತೇ ನೋಡಿದೆವು.