ನಡುದಾರಿಯಲ್ಲಿ ನಿಂತ ಹೆಜ್ಜೆ

ಮಾಘ ಮಾಸ ಮುಗಿಯುತ್ತ ಬಂದಂತೆ ಘಟ್ಟದ ಮೇಲಿನ ಊರುಗಳಿಂದ ಜನ ಧರ್ಮಸ್ಥಳದತ್ತ ಕಾಲ್ನಡಿಗೆಯಲ್ಲಿ ಇಳಿಯತೊಡಗುತ್ತಾರೆ. ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಯ ತಂಡಗಳು ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದು, ಕಕ್ಕಿಂಜೆ, ಮುಂಡಾಜೆ, ಉಜಿರೆಗಳ ಮೇಲೆ ಹಾದು ಶಿವರಾತ್ರಿಯ ಜಾಗರಣೆಗೆ ಶ್ರೀ ಮಂಜುನಾಥನ ಸನ್ನಿಧಿಯನ್ನು ಸೇರುತ್ತವೆ. ಬೆಂಗಳೂರಿನಿಂದ ಹೊರಟವರಿಗೆ ಇದು ಸುಮಾರು 300 ಕಿ.ಮೀ.ಗಳ ಹಾದಿ. ಪತ್ರಿಕೆಗಳಲ್ಲಿ ಅಚ್ಚಾಗುವುದು ಗುರಿ ಸೇರಿದವರ ಭಾವಚಿತ್ರ. ನಡುದಾರಿಯಲ್ಲಿ ನಿಂತುಹೋದವರ ಸಂಗತಿ ಅವರವರ ಮನೆಯೊಳಗೇ ಉಳಿದುಬಿಡುತ್ತದೆ. ಈ ಸಲ ಅಂಥ ಸಂಗತಿಗಳನ್ನೇ ಓದುಗರ ಮುಂದಿಡಬೇಕೆಂದು ನಮಗೆ ತೋರಿದೆ.

ಉದ್ಯೋಗದ ನಿಮಿತ್ತ ಬಯಲುಸೀಮೆಯಿಂದ ಬಂದು ಬಂಟ್ವಾಳ ತಾಲ್ಲೂಕಿನ ಮೆಲ್ಕಾರ್‌ನಲ್ಲಿ ನೆಲೆಸಿದ ನಾಲ್ಕಾರು ಕುಟುಂಬಗಳವರು ನಾವು. ನಮ್ಮದು ಘಟ್ಟದ ಹಾದಿಯಲ್ಲ. ಪಾಣೆಮಂಗಳೂರಿನ ಬಳಿ ನೇತ್ರಾವತಿಯನ್ನು ದಾಟಿ ಬಿ.ಸಿ. ರೋಡ್, ಬಂಟ್ವಾಳ, ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳ ಮೂಲಕ ಸುಮಾರು 50 ಕಿ.ಮೀ. ನಡೆದರೆ ಕ್ಷೇತ್ರ. ಎರಡು ಹಗಲು, ನಡುವೆ ಒಂದು ರಾತ್ರಿ. ಮುನ್ನೂರರ ಮುಂದೆ ಐವತ್ತು ಏನು ಮಹಾ ಎಂದು ನಕ್ಕವರಿದ್ದಾರೆ. ಆದರೆ ಕಾಲಿಗೆ ಲೆಕ್ಕ ಗೊತ್ತಿಲ್ಲ. ಅದು ಇಪ್ಪತ್ತನೆಯ ಕಿಲೋಮೀಟರಿನಲ್ಲೂ ಮುನಿಯಬಲ್ಲುದು.

ಮೊದಲ ಅನಿರೀಕ್ಷಿತ ಈ ಕರಾವಳಿಯ ಸೆಕೆ. ನಮ್ಮ ಬಯಲುಸೀಮೆಯ ಬಿಸಿಲು ಇದಕ್ಕಿಂತ ಖಾರವಾದದ್ದು ನಿಜ, ಆದರೆ ಅಲ್ಲಿ ಒಣಗಾಳಿ ಬೆವರನ್ನು ಆರಿಸಿ ಮೈಯನ್ನು ತಂಪುಮಾಡುತ್ತದೆ. ಇಲ್ಲಿ ಗಾಳಿಯಲ್ಲಿಯೇ ನೀರಿನಂಶ ಹೆಚ್ಚಾಗಿರುವುದರಿಂದ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಒಳಗಿನ ಕಾವು ಒಳಗೇ ನಿಲ್ಲುತ್ತದೆ. ತಲೆ ಸುತ್ತುವುದು, ಮೀನಖಂಡ ಹಿಡಿದುಕೊಳ್ಳುವುದು ಇದರ ಮುನ್ಸೂಚನೆ. ಬರಿಯ ನೀರು ಕುಡಿದರೆ ಸಾಲದು, ಬೆವರಿನೊಡನೆ ಹೋದ ಉಪ್ಪೂ ಮರಳಿ ಬರಬೇಕು. ದಾರಿಬದಿಯಲ್ಲಿ ಪುಣ್ಯವಂತರು ಹಂಚುವ ಉಪ್ಪು ಹಾಕಿದ ಮಜ್ಜಿಗೆಯ ಬೆಲೆ ಆಗ ತಿಳಿಯುತ್ತದೆ. ದಾಸೋಹವೆಂಬ ಮಾತನ್ನು ನಾವು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒಣಗಿದ ಗಂಟಲಿನಿಂದ ಅದನ್ನು ತಿಳಿದದ್ದು ವಗ್ಗದ ಏರಿನಲ್ಲಿ. (ಕುಡಿದ ಲೋಟವನ್ನು ಅಲ್ಲೇ ಗಟಾರಕ್ಕೆ ಎಸೆದು ಹೋಗುವ ಭಕ್ತಿಯ ಬಗೆಗೆ ಇನ್ನೊಮ್ಮೆ ಬರೆಯಬೇಕಾಗಿದೆ.)

ನಗುವಿಗೂ ಕೊರತೆಯಿರಲಿಲ್ಲ. ಅಂಗಡಿಯವರು "ಬೊಂಡ ಬೇಕಾ?" ಎಂದು ಕೇಳಿದಾಗ ನಮ್ಮ ಜೊತೆಗಿದ್ದ ಹುಡುಗನೊಬ್ಬ ಬಿಸಿಬಿಸಿಯಾಗಿ ನಾಲ್ಕು ಕೊಡಿ ಎಂದ. ಕತ್ತಿಯಿಂದ ಕೊಚ್ಚಿದ ನಾಲ್ಕು ಎಳನೀರು ಮುಂದೆ ಬಂದಾಗ ಅವನ ಮುಖ ನೋಡುವಂತಿತ್ತು. ಇನ್ನೊಂದು ಮನೆಯ ಅಂಗಳದಿಂದ ಮುದುಕಿಯೊಬ್ಬರು "ಬಲೆ, ಬಲೆ" ಎಂದು ಕೂಗಿದರು. ಯಾವ ಬಲೆ ಎಂದು ನಾವು ಗಾಬರಿಯಾಗುವಷ್ಟರಲ್ಲಿ ಜಗಲಿಯ ಮೇಲೆ ಚಾಪೆ ಹಾಸಿಯಾಗಿತ್ತು. ತುಳುವಿನಲ್ಲಿ ಅದು 'ಬನ್ನಿ' ಎಂಬ ಆದರದ ಮಾತು.

ಬಿಸಿಲಿಗಂಜಿ ಇರುಳಿನಲ್ಲಿ ನಡೆಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಯಂದು. ಅದರ ಹಿಂದಿನ ರಾತ್ರಿಗಳಲ್ಲಿ ಚಂದ್ರ ಮೂಡುವುದೇ ಬೆಳಗಿನ ಜಾವಕ್ಕೆ. ಇಡೀ ಇರುಳು ಕಗ್ಗತ್ತಲೆ. ವೇಗವಾಗಿ ಬರುವ ವಾಹನದ ಚಾಲಕನಿಗೆ ಕಪ್ಪು ವಸ್ತ್ರ ತೊಟ್ಟ ಯಾತ್ರಿಕ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಬಿಳಿಯ ಬಟ್ಟೆ, ಕೈಯಲ್ಲೊಂದು ಬ್ಯಾಟರಿ, ಬೆನ್ನಿಗೆ ಹೊಳೆಯುವ ಪಟ್ಟಿ, ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಒಂದೇ ಸಾಲಿನ ನಡಿಗೆ, ಇಷ್ಟಕ್ಕೆ ಖರ್ಚು ಹೆಚ್ಚಿಲ್ಲ. ಘಾಟಿಯ ಹಾದಿಯವರಿಗಂತೂ ಮಂಜು, ಆಗಾಗ ರಸ್ತೆಗೆ ಬರುವ ಆನೆ ಇವುಗಳ ಭಯವೂ ಇದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಹಲವೆಡೆ ಗುಡ್ಡ ಕುಸಿದು ತಿಂಗಳುಗಟ್ಟಲೆ ಸಂಚಾರ ಕೆಟ್ಟದ್ದನ್ನು ಬಲ್ಲವರು ಆ ಬೆಟ್ಟದ ಅಂಚಿನಲ್ಲಿ ಮಲಗುವ ಸಾಹಸ ಮಾಡುವುದಿಲ್ಲ.

ಇನ್ನು ನಮ್ಮ ತಂಡದ ಹಿರಿಯರ ಸಂಗತಿ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ವಯಸ್ಸು ಅರವತ್ತು ದಾಟಿದೆ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಮೊಮ್ಮಗಳ ಶಸ್ತ್ರಚಿಕಿತ್ಸೆ ಸುಸೂತ್ರವಾದರೆ ಬರಿಗಾಲಿನಲ್ಲಿ ನಡೆದು ಬರುವೆನೆಂದು ಹರಕೆ ಹೊತ್ತಿದ್ದರು. ಮಗು ಗುಣವಾಯಿತು, ಮಾತು ತಪ್ಪುವ ಜಾಯಮಾನ ಅವರದಲ್ಲ. ಮಧ್ಯಾಹ್ನದ ಡಾಂಬರಿನ ಮೇಲೆ ನಾವು ಪಾದರಕ್ಷೆ ಮೆಟ್ಟಿಯೂ ತತ್ತರಿಸುತ್ತಿದ್ದರೆ ಅವರು ನಿರಾಯಾಸವಾಗಿ ಮುಂದೆ ಸಾಗುತ್ತಿದ್ದರು. ಅದನ್ನು ಕಂಡು ಶಿವನ ಕೃಪೆ ಎಂದು ಮೆಚ್ಚಿದವರೂ ಉಂಟು.

ರಾತ್ರಿ ಮಡಂತ್ಯಾರಿನಲ್ಲಿ ಪರಿಚಿತರ ಮನೆಯ ಜಗಲಿಯಲ್ಲಿ ತಂಗಿದೆವು. ಸಾಮಾನಿನ ವಾಹನದಲ್ಲಿ ಬಂದು ನಮಗೆಲ್ಲ ಅಡುಗೆ ಮಾಡುತ್ತಿದ್ದ ಕಾಕು, ಪತಿಯ ಕಾಲು ತೊಳೆಯಲು ಬಿಸಿನೀರು ತಂದವರು ಹಾಗೆಯೇ ನಿಂತುಬಿಟ್ಟರು. ಎರಡೂ ಅಂಗಾಲುಗಳಲ್ಲಿ ಗುಳ್ಳೆಗಳೆದ್ದು ಒಡೆದಿದ್ದವು. ಬಲಗಾಲಿನ ಚರ್ಮ ಅಂಗೈ ಅಗಲ ಸುಲಿದು ಒಳಗೆ ಕಲ್ಲಿನ ಹರಳು ಸೇರಿತ್ತು. ಕಾಕಾನಿಗೆ ನೋವೇ ಇರಲಿಲ್ಲ! ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂಕುಗೊಳಿಸುತ್ತದೆ. ಸುಟ್ಟರೂ ಚುಚ್ಚಿದರೂ ಅರಿವಾಗುವುದಿಲ್ಲ. ರಕ್ತದ ಓಟವೂ ಕುಂದಿರುವುದರಿಂದ ಗಾಯ ಮಾಯುವುದಿಲ್ಲ, ಕೀವಾಗಿ ಬೆರಳನ್ನೋ ಕಾಲನ್ನೋ ತೆಗೆಯಬೇಕಾದ ಸ್ಥಿತಿಗೂ ಹೋಗಬಹುದು. ಇಂಥವರು ಮನೆಯೊಳಗೂ ಬರಿಗಾಲಿನಲ್ಲಿ ತಿರುಗಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಕಾಕಾ ಒಪ್ಪಲಿಲ್ಲ. ಅರ್ಧ ಹಾದಿ ಆಗಿದೆ, ಇನ್ನರ್ಧಕ್ಕೆ ಮಾತು ಮುರಿಯಲೇ ಎಂದರು. ತಂಡದಲ್ಲಿಯೂ ಎರಡು ಮತ. ಹರಕೆ ಹರಕೆಯೇ, ಬಟ್ಟೆ ಸುತ್ತಿ ನಡೆಯಲಿ ಎಂದು ಕೆಲವರು ಹೇಳಿದರು. ನಮ್ಮ ಅಭಿಪ್ರಾಯ ಅದಲ್ಲ. ದೇಹವನ್ನೇ ದೇಗುಲವೆಂದು ಕಂಡ ಶರಣರ ಪರಂಪರೆಯವರು ಆ ದೇಗುಲವನ್ನು ಕೆಡವಿ ಪೂಜೆಗೆ ಹೋಗುವುದು ಯಾವ ನ್ಯಾಯ? ಆದರೆ ನಮ್ಮ ಈ ವಾದದಿಂದ ಕಾಕಾ ಕದಲಲಿಲ್ಲ. ಕದಲಿಸಿದ್ದು ಕಾಕುವಿನ ಒಂದು ಮಾತು.

"ಮಂಜುನಾಥ ಬಾ ಅಂದಾನ್ರೀ, ಕಾಲು ತಂದು ಕೊಡು ಅಂದಿಲ್ಲ. ಉಳಿದದ್ದು ನಾ ನಡೀತೀನಿ. ಹುಡುಗಿ ನನಗೂ ಮೊಮ್ಮಗಳ ಅಲ್ಲೇನು?"

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ "ಚಪ್ಪಲ ಹಾಕ್ಕೊಂಡು ನಡಿ ಮತ್ತ" ಎಂದರು.

ಮರುದಿನ ನಸುಕಿನಲ್ಲಿ ಕಾಕಾ ಆಟೋರಿಕ್ಷಾದಲ್ಲಿ ಬೆಳ್ತಂಗಡಿಯ ವೈದ್ಯರಲ್ಲಿಗೆ ಹೋದರು, ಕಾಕು ಸೆರಗು ಬಿಗಿದು ರಸ್ತೆಗಿಳಿದರು. ನಡೆದು ರೂಢಿಯಿಲ್ಲದ ಆಕೆಗಾಗಿ ಗುರುವಾಯನಕೆರೆಯಲ್ಲೊಮ್ಮೆ, ಉಜಿರೆಯಲ್ಲೊಮ್ಮೆ ತಂಡವೇ ಕುಳಿತು ಕಾಯಿತು. ನೇತ್ರಾವತಿಯ ಸ್ನಾನಘಟ್ಟ ತಲುಪಿದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಕಾಲಿಗೆ ಬಿಳಿಯ ಪಟ್ಟಿ ಸುತ್ತಿದ ಕಾಕಾ ಮೆಟ್ಟಿಲ ಮೇಲೆ ಕುಳಿತು, ಬರುವ ಒಂದೊಂದು ತಂಡವನ್ನೂ ದಿಟ್ಟಿಸುತ್ತಿದ್ದರು.

ಗಾಯ ಮಾಯಲು ಏಳು ವಾರ ಹಿಡಿಯಿತು. ಈ ವರ್ಷದ ಯಾದಿಯಲ್ಲಿ ಕಾಕುವಿನ ಹೆಸರು ಮೊದಲು ಬಂದಿದೆ. ಊಟದ ನಂತರ ನಿತ್ಯವೂ ಪಾಣೆಮಂಗಳೂರಿನ ಸೇತುವೆಯವರೆಗೆ ನಡೆದು ಬರುತ್ತಾರೆ. ಸಾಮಾನಿನ ವಾಹನವೂ ಮಜ್ಜಿಗೆಯ ಕೊಡವೂ ತಮ್ಮ ಪಾಲಿನವೆಂದು ಕಾಕಾ ಈಗಲೇ ತಿಳಿಸಿದ್ದಾರೆ.